ಸಡಿಲಿಸಿದ ಸ್ನಾಯು, ಸೋತ ಕಿಡ್ನಿ

ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವವರು ಒಂದು ಅಪಾಯವನ್ನು ಬಲ್ಲರು. ಕೆಲವು ಕೀಟನಾಶಕಗಳು ಮೈಗೆ ಹತ್ತಿದರೆ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡುತ್ತಾರೆ. ಆ ವಿಷ ಕೈಹಾಕುವ ಕಿಣ್ವಕ್ಕೇ ಅಳೆದು ತೂಗಿ ಕೈಹಾಕುವ ಮದ್ದೊಂದು ಆಪರೇಷನ್ ಥಿಯೇಟರಿನಲ್ಲೂ ಇದೆ: ನಿಯೋಸ್ಟಿಗ್ಮಿನ್.

ದೊಡ್ಡ ಆಪರೇಷನ್ನಿಗೆ ಮತ್ತು ಬರಿಸಿದರಷ್ಟೇ ಸಾಲದು, ಸ್ನಾಯುಗಳೂ ಸಡಿಲಬೇಕು. 1942ರ ಜನವರಿ 23ರಂದು ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಇದಕ್ಕಾಗಿ ಕುರಾರೆಯನ್ನು ಬಳಸಿದರು. ಅದು ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ವಿಷ. ನರವು ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಆಜ್ಞೆ ಕಳಿಸುತ್ತದೆ. ಸಡಿಲಿಸುವ ಮದ್ದು ಅದರ ಜಾಗದಲ್ಲಿ ಕೂತುಬಿಡುತ್ತದೆ. ಉಸಿರಾಟದ ಸ್ನಾಯುವೂ ನಿಲ್ಲುವುದರಿಂದ ಗಂಟಲಿಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸುತ್ತಾರೆ. ಕೊನೆಗೆ ನಿಯೋಸ್ಟಿಗ್ಮಿನ್ ಕೊಟ್ಟರೆ ಅಸಿಟೈಲ್‌ಕೋಲಿನ್ ಒಡೆಯುವುದು ತಡವಾಗುತ್ತದೆ. ಅದು ಹೆಚ್ಚಿದಂತೆ ಮದ್ದನ್ನು ಪಕ್ಕಕ್ಕೆ ತಳ್ಳುತ್ತದೆ. ಎದೆಬಡಿತ ಇಳಿಯದಿರಲೆಂದು ಗ್ಲೈಕೋಪಿರೋಲೇಟ್ ಜೊತೆಗಿರುತ್ತದೆ.

ಕಿಡ್ನಿ ಸೋತವರಲ್ಲಿ ತೊಡಕು ಇಲ್ಲೇ. ಗ್ಯಾಲಮಿನ್, ಪ್ಯಾಂಕುರೋನಿಯಂನಂಥ ಹಳೆಯ ಮದ್ದುಗಳು ಹೆಚ್ಚಾಗಿ ಮೂತ್ರದಲ್ಲಿಯೇ ಹೊರಹೋಗಬೇಕು. ದಾರಿ ಮುಚ್ಚಿದ್ದರೆ ಅವು ಮೈಯಲ್ಲೇ ಉಳಿದು, ಎಚ್ಚರವಾದ ರೋಗಿಗೆ ಕೆಮ್ಮಲು, ನುಂಗಲು, ಆಳವಾಗಿ ಉಸಿರೆಳೆಯಲು ಬಲವಿಲ್ಲದಂತೆ ಮಾಡುತ್ತವೆ. ಒಂದೇ ಸಮಾಧಾನವೆಂದರೆ ನಿಯೋಸ್ಟಿಗ್ಮಿನ್‌ನ ಸುಮಾರು ಅರ್ಧ ಭಾಗವೂ ಕಿಡ್ನಿಯ ಮೂಲಕವೇ ಹೋಗುತ್ತದೆ. ಹಾಗಾಗಿ ಇವರಲ್ಲಿ ಅದೂ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಸ್ನಾಯು ಪೂರ್ತಿ ಸಡಿಲವಾಗಿರುವಾಗ ಅದನ್ನು ಕೊಟ್ಟು ಪ್ರಯೋಜನವಿಲ್ಲ, ಬಲ ಸ್ವಲ್ಪ ತಾನಾಗಿ ಮರಳುವವರೆಗೆ ಕಾಯಲೇಬೇಕು.

ನನಗೆ ಬಲು ಇಷ್ಟವಾದದ್ದು ಅಟ್ರಾಕ್ಯೂರಿಯಂ ಎಂಬ ಸಡಿಲಿಸುವ ಮದ್ದಿನ ಜಾಣ್ಮೆ. ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಸ್ಟೆನ್‌ಲೇಕ್ ತಂಡ ಅದರ ಅಣುವನ್ನು ತಾನಾಗಿ ಒಡೆಯುವಂತೆಯೇ ಹೆಣೆದಿತ್ತು. ಮೈಯ ಬಿಸಿ ಮತ್ತು ರಕ್ತದ ಕ್ಷಾರಗುಣ ಸಾಕು, ಕಿಡ್ನಿಯ ಹಂಗೇ ಬೇಡ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಅದನ್ನು ಇಡುವುದೂ ಇದೇ ಕಾರಣಕ್ಕೆ. ದೊಡ್ಡಬಳ್ಳಾಪುರದಿಂದಲೋ ನೆಲಮಂಗಲದಿಂದಲೋ ಬೆಂಗಳೂರಿಗೆ ಕಿಡ್ನಿ ಕಸಿಗೆ ಹೋದವರಿಗೆ ಇದನ್ನೋ ಇದರ ಸೋದರ ಸಿಸ್‌ಅಟ್ರಾಕ್ಯೂರಿಯಂ ಅನ್ನೋ ವೈದ್ಯರು ಆರಿಸುವುದು ಸಾಮಾನ್ಯ.

ಇನ್ನೊಂದು ದಾರಿ ಸುಗಮ್ಮಾಡೆಕ್ಸ್. ಎಂಟು ಸಕ್ಕರೆ ಘಟಕಗಳ ಈ ಬಳೆ ರೋಕುರೋನಿಯಂ ಎಂಬ ಸಡಿಲಿಸುವ ಮದ್ದಿನ ಅಣುವನ್ನು ಒಳಗೆ ಸೆರೆಹಿಡಿಯುತ್ತದೆ. ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ಸೆರೆ ಗಟ್ಟಿ, ಆದರೆ ಬಳೆ ಹೊರಹೋಗುವುದೂ ಮೂತ್ರದಲ್ಲೇ. ಆರೋಗ್ಯವಂತರಲ್ಲಿ ಅರ್ಧದಷ್ಟು ಇಳಿಯಲು ಸುಮಾರು 2 ಗಂಟೆ ಸಾಕು, ತೀವ್ರ ಕಿಡ್ನಿ ಕಾಯಿಲೆಯಲ್ಲಿ ಸುಮಾರು 19 ಗಂಟೆ ಬೇಕು. ಅದಕ್ಕೇ ಕಿಡ್ನಿಯ ಶೋಧನೆ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕಡಿಮೆ ಇರುವವರಿಗೆ ತಯಾರಕರು ಇದನ್ನು ಶಿಫಾರಸು ಮಾಡುವುದಿಲ್ಲ. ಆದರೂ ಇಂಥವರಲ್ಲಿ ನಡೆದ ಅಧ್ಯಯನಗಳಲ್ಲಿ ಬಲ ಮರಳಿದೆ, ಸ್ವಲ್ಪ ತಡವಾಗಿ. ಹೈ ಫ್ಲಕ್ಸ್ ಡಯಾಲಿಸಿಸ್ ಬಳೆಯನ್ನು ತೆಗೆದುಹಾಕಬಲ್ಲದು. ಹೀಗಾಗಿ ಲಾಭ-ನಷ್ಟ ತೂಗಿ ಬಳಸುವ ವೈದ್ಯರಿದ್ದಾರೆ.

ಮದ್ದು ಯಾವುದಾದರೂ ಇರಲಿ, ಬಲ ಬಂದಿದೆಯೇ ಎಂದು ಅಳೆಯುವುದು ನನಗೆ ಎಲ್ಲಕ್ಕಿಂತ ಮುಖ್ಯ. ಮಣಿಕಟ್ಟಿನ ನರಕ್ಕೆ ಅರ್ಧ ಸೆಕೆಂಡಿಗೊಂದರಂತೆ ನಾಲ್ಕು ಸಣ್ಣ ಮಿಡಿತ ಕೊಡುತ್ತಾರೆ, ಹೆಬ್ಬೆರಳು ನಾಲ್ಕು ಸಲ ಅದುರುತ್ತದೆ. ನಾಲ್ಕನೆಯ ಅದುರು ಮೊದಲನೆಯದರ ಶೇಕಡಾ 90ನ್ನು ತಲುಪುವವರೆಗೆ ಕೊಳವೆ ಗಂಟಲಲ್ಲೇ ಇರಬೇಕು. ರೋಗಿ ಕಣ್ಣು ತೆರೆದ, ತಲೆ ಎತ್ತಿದ ಎಂದು ನಂಬುವುದು ಸಾಲದು, ಆ ಹೊತ್ತಿಗೂ ಗಂಟಲಿನ ಸ್ನಾಯು ಸೋತಿರಬಹುದು.

ಆಪರೇಷನ್ನಿಗೆ ಹೋಗುವ ಡಯಾಲಿಸಿಸ್ ರೋಗಿ ಅರಿವಳಿಕೆ ವೈದ್ಯರಿಗೆ ಕೊನೆಯ ಡಯಾಲಿಸಿಸ್ ಯಾವಾಗ ಆಯಿತು, ಪೊಟ್ಯಾಶಿಯಂ ಎಷ್ಟಿದೆ, ಡಯಾಲಿಸಿಸ್‌ಗಾಗಿ ಜೋಡಿಸಿದ ರಕ್ತನಾಳ, ಅಂದರೆ ಫಿಸ್ಟುಲಾ, ಯಾವ ಕೈಯಲ್ಲಿದೆ ಎಂದು ಮೊದಲೇ ಹೇಳಬೇಕು. ಸಕ್ಸಿನೈಲ್‌ಕೋಲಿನ್ ಎಂಬ ಇನ್ನೊಂದು ಸಡಿಲಿಸುವ ಮದ್ದು ಪೊಟ್ಯಾಶಿಯಂ ಏರಿಸುತ್ತದೆ, ಈಗಾಗಲೇ ಏರಿದ್ದರೆ ಹೃದಯಕ್ಕೆ ಕುತ್ತು. ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿಯನ್ನೂ ಡ್ರಿಪ್ ಸೂಜಿಯನ್ನೂ ಹಾಕಬಾರದು.