ಕಾವಲಿನ ಹುಲ್ಲೂ ತಾಳವೃಕ್ಷವೂ

ಒಂದು ಸೀಮೆಯ ಚೆಲುವು ಯಾವುದರಲ್ಲಿ ಇರುವುದೆಂಬ ಪ್ರಶ್ನೆಗೆ ಕನ್ನಡದ ಪ್ರೌಢಕಾವ್ಯಗಳು ಕೊಡುವ ಉತ್ತರವು ಬಹುಮಟ್ಟಿಗೆ ಒಂದೇ ತೆರನಾದುದು. ಮಾಮರ, ಬಾಳೆ, ಅಡಕೆ, ತೆಂಗು, ತುಂಬಿದ ಕೆರೆ, ದುಂಬಿಯ ದನಿ ಇವಿಲ್ಲದೆ ದೇಶವರ್ಣನೆಯು ಪೂರ್ಣವೆನಿಸುವುದಿಲ್ಲ. ಆಲಂಕಾರಿಕರು ಎಣಿಸಿದ ಅಷ್ಟಾದಶವರ್ಣನೆಗಳಲ್ಲಿ ಉದ್ಯಾನಕ್ಕೆ ಸ್ಥಾನವುಂಟು, ಬಯಲಿಗೆ ಇಲ್ಲ. ಪಂಪನಿಗೆ ಬನವಾಸಿಯೂ ಕುವೆಂಪು ಅವರಿಗೆ ಮಲೆನಾಡೂ ಒದಗಿದಂತೆ ಬಯಲುಸೀಮೆಗೆ ಅದರ ಹುಲ್ಲನ್ನೇ ಕಂಡು ಹಿಗ್ಗಿದ ಪ್ರೌಢಕವಿಯು ಸುಲಭವಾಗಿ ಒದಗಲಿಲ್ಲ. ಈ ಅಭಿರುಚಿಯು ಕಾವ್ಯದಲ್ಲಿಯೇ ನಿಂತಿದ್ದರೆ ಚರ್ಚೆಗೆ ಕಾರಣವಿರುತ್ತಿರಲಿಲ್ಲ. ಕಚೇರಿಯ ಅಂಗಳ, ರಸ್ತೆಯ ಬದಿ, ವಿದ್ಯಾಲಯದ ಆವರಣ ಇವುಗಳನ್ನು ರೂಪಿಸುವವರ ಕಣ್ಣಿನಲ್ಲಿಯೂ ಅದೇ ಅಭಿರುಚಿಯು ನೆಲಸಿದೆ. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ವರವು ಕಾವಲಿನಂಥ ನೆಲಕ್ಕೆ ಸಾಲುತಾಳೆಗಳೂ ನೆಟ್ಟ ತೋಪುಗಳೂ ಒಪ್ಪುವುವೇ ಎಂಬುದು ಆದುದರಿಂದ ಸೌಂದರ್ಯದ ಪ್ರಶ್ನೆಯಾದಷ್ಟೇ ಬದುಕಿನ ಪ್ರಶ್ನೆಯೂ ಆಗಿದೆ.

ಮೊದಲು ‘ಕಾವಲು’ ಎಂಬ ಶಬ್ದವನ್ನೇ ನೋಡಬಹುದು. ಇದು ಕಾಯ್ದ ನೆಲ. ನೇಗಿಲಿನಿಂದಲೂ ಕೊಡಲಿಯಿಂದಲೂ ಕಾಯ್ದು ಹುಲ್ಲಿಗಾಗಿ ಉಳಿಸಿದ ನೆಲ. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿದ್ದ ಅರಮನೆಯ ಗೋಶಾಖೆಯು ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಎನಿಸಿತು. ನೀಳವಾದ ಕೊಂಬಿನ, ಬಿರುನಡೆಯ ಈ ತಳಿಯ ಎತ್ತುಗಳು ಸೈನ್ಯದ ಸಾಮಗ್ರಿಯನ್ನು ಎಳೆದುವು. 1799ರ ತರುವಾಯ ಇಂಗ್ಲಿಷರು ಇವುಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡರು. 1860ರಲ್ಲಿ ಮಿತವ್ಯಯದ ಹೆಸರಿನಿಂದ ಹಿಂಡುಗಳನ್ನು ಮಾರಿ, ಕೆಲವೇ ವರ್ಷಗಳಲ್ಲಿ ತಪ್ಪನ್ನರಿತು 1866ರಲ್ಲಿ ಮತ್ತೆ ಕೂಡಿಸಬೇಕಾಯಿತು. ಹಿಂಡನ್ನು ಮತ್ತೆ ಕೂಡಿಸಬಹುದು. ಹುಲ್ಲು ಹೋದ ಕಾವಲನ್ನು ಮತ್ತೆ ಕೂಡಿಸುವುದು ಅಷ್ಟು ಸುಲಭವಲ್ಲ.

ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸುವ ಪದ್ಧತಿಯಿತ್ತೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಬೇಸಗೆಯ ಕಾವಲಿಗೆ ನೆರಳಿನ ಮರಗಳೂ ಬತ್ತದ ನೀರೂ ಬೇಕು; ಅವು ಹೆಚ್ಚಾಗಿ ಕೆರೆಯಂಗಳಗಳಲ್ಲಿದ್ದುವು. ಉಳಿದೆರಡಕ್ಕೆ ಬೇಕಾದುದು ಹುಲ್ಲು ಮಾತ್ರ. ಮರವೆಲ್ಲಿ ಇರಬೇಕು, ಎಲ್ಲಿ ಇರಬೇಕಾಗಿಲ್ಲ ಎಂಬುದನ್ನು ದನಗಾಹಿಯ ವಿವೇಕವು ಹೀಗೆ ಎಂದೋ ನಿರ್ಣಯಿಸಿತ್ತು. ಮರವೆಲ್ಲವೂ ಒಳ್ಳೆಯದೆಂಬ ಸಿದ್ಧಾಂತವೂ ಅದಕ್ಕೆ ಇರಲಿಲ್ಲ, ಮರದ ದ್ವೇಷವೂ ಇರಲಿಲ್ಲ.

ಈ ನಿರ್ಣಯಕ್ಕೆ ನೆಲದಲ್ಲಿಯೇ ಕಾರಣವುಂಟು. ಚಳ್ಳಕೆರೆಯ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 500 ಮಿಲಿಮೀಟರಿಗಿಂತ ಕಡಿಮೆ. ಕರ್ಣಾಟಕದ ಅತ್ಯಂತ ಒಣ ಪ್ರದೇಶಗಳಲ್ಲಿ ಇದೊಂದು. ಕಾವಲಿನ ಮಣ್ಣು ಬಹುಕಡೆ ತೆಳುವಾದುದು, ನೊರಜುಗಲ್ಲು ಬೆರೆತುದು. ಇಂಥಲ್ಲಿ ಹುಲ್ಲಿನ ಬೇರು ಮೇಲ್ಪದರದ ಮಣ್ಣನ್ನು ಹಿಡಿದುಕೊಂಡು, ಮಳೆ ನಿಂತೊಡನೆ ಒಣಗಿ ಕರಡವಾಗಿ, ಮರುವರ್ಷದ ಮೊದಲ ಹದಮಳೆಗೆ ಮತ್ತೆ ಚಿಗುರುವುದು. ವರ್ಷದಲ್ಲಿ ಹಲವು ತಿಂಗಳು ಅದು ಕಂದುಬಣ್ಣದ್ದು. ಪರಸ್ಥಳದವನ ಕಣ್ಣಿಗೆ ಆ ಕಂದು ಬರಗಾಲದಂತೆ ತೋರುವುದು. ಕುರಿಗಾಹಿಗಾದರೋ ಅದು ಕೂಡಿಟ್ಟ ಮೇವು. ಕಂದಾಯದ ಪರಿಭಾಷೆಯು ಪರಸ್ಥಳದವನ ಕಣ್ಣನ್ನೇ ನಂಬಿ ಇಂಥ ನೆಲವನ್ನು ‘ಬಂಜರು’ ಎಂದು ಕರೆದುಬಿಟ್ಟಿತು. ವಚನಕಾರರು ಪರತತ್ತ್ವಕ್ಕೆ ಆರಿಸಿಕೊಂಡ ‘ಬಯಲು’ ಎಂಬ ಮಾತಿಗೆ ಕಡತದಲ್ಲಿ ದೊರೆತ ಪರ್ಯಾಯಪದವಿದು. ದೇಶದ ಮೂರನೆಯ ಒಂದು ಭಾಗವು ಅರಣ್ಯವಾಗಬೇಕೆಂದು 1952ರ ರಾಷ್ಟ್ರೀಯ ಅರಣ್ಯನೀತಿಯು ಸಾರಿದ ಮೇಲೆ, ಬಂಜರೆನಿಸಿದ ಹುಲ್ಲುಗಾವಲು ಗಿಡ ನೆಡಲು ಅನುಕೂಲವಾದ ಖಾಲಿ ಜಾಗವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಹಾಗೆ ನೆಟ್ಟುದರ ಫಲವೇನೆಂಬುದಕ್ಕೆ ರಾಣೆಬೆನ್ನೂರಿನ ನಿದರ್ಶನವೊಂದು ಸಾಕು. ಅಲ್ಲಿಯ ಬಯಲಿನ ಬಹುಭಾಗಕ್ಕೆ ನೀಲಗಿರಿಯ ತೋಪು ಬಂದಿತು. 1974ರಲ್ಲಿ ಅದು ಕೃಷ್ಣಮೃಗಗಳ ಅಭಯಾರಣ್ಯವೆನಿಸಿದರೂ, ಅಲ್ಲಿದ್ದ ಎರೆಭೂತವೆಂಬ ದೊಡ್ಡ ಹಕ್ಕಿಯು ಕಾಲಕ್ರಮದಲ್ಲಿ ಕಾಣದಾಯಿತು. ನೆಲದ ಮೇಲೆಯೇ ಮೊಟ್ಟೆಯಿಡುವ, ದೂರದಿಂದಲೇ ಅಪಾಯವನ್ನು ಕಂಡು ಸರಿಯುವ ಆ ಹಕ್ಕಿಗೆ ಕಣ್ಣು ಹಾಯುವಷ್ಟು ತೆರಪೇ ಮನೆ. ಮರಗಳ ಸಾಲು ಅದಕ್ಕೆ ನೆರಳಲ್ಲ, ಗೋಡೆ. ಚಳ್ಳಕೆರೆಯ ಕಡೆಗೆ ಬಂದ ಕೇಡು ಬೇರೊಂದು ಮರದ್ದು. ಅಮೆರಿಕಾ ಖಂಡದಿಂದ ಬಂದು ‘ಬಳ್ಳಾರಿ ಜಾಲಿ’ ಎಂದು ಕನ್ನಡದ ಹೆಸರನ್ನೇ ಪಡೆದ ಗಿಡವು ಕುರಿಮೇಕೆಗಳ ಹಿಕ್ಕೆಯ ಮೂಲಕ ತನ್ನ ಬೀಜವನ್ನು ತಾನೇ ಬಿತ್ತಿಕೊಂಡು ಹುಲ್ಲನ್ನು ಹಿಂದೂಡುತ್ತಲಿದೆ. ಬೇಸಗೆಯಲ್ಲಿಯೂ ಅದು ಹಸುರಾಗಿರುವುದು. ಹಸುರೊಂದೇ ಗುಣವಾದರೆ ಅದಕ್ಕಿಂತ ಗುಣವಂತ ಗಿಡವು ಬಯಲುಸೀಮೆಯಲ್ಲಿ ಮತ್ತೊಂದಿಲ್ಲ.

ಇನ್ನು ತಾಳಜಾತಿಯ ವಿಚಾರ. ಅಮರಕೋಶವು ತಾಳೆ, ಖರ್ಜೂರ ಮೊದಲಾದುವನ್ನು ‘ತೃಣದ್ರುಮ’ಗಳೆಂದು, ಎಂದರೆ ಹುಲ್ಲುಮರಗಳೆಂದು, ಕರೆದು ತಾಳೆಗೆ ‘ತೃಣರಾಜ’ನೆಂಬ ಹೆಸರನ್ನೂ ಕೊಟ್ಟಿದೆ. ಹುಲ್ಲನ್ನೂ ತಾಳವನ್ನೂ ಏಕದಳ ಸಸ್ಯಗಳ ಒಂದೇ ಗುಂಪಿನಲ್ಲಿಟ್ಟ ಆಧುನಿಕ ಸಸ್ಯಶಾಸ್ತ್ರಕ್ಕೂ ಈ ನಿಘಂಟುಕಾರನಿಗೂ ಇಲ್ಲಿ ಹೆಚ್ಚಿನ ಭೇದವಿಲ್ಲ. ನಂಟು ಹೀಗಿದ್ದರೂ ಎಲ್ಲ ತಾಳಗಳೂ ಎಲ್ಲ ನೆಲಕ್ಕೂ ಸಲ್ಲುವುದಿಲ್ಲ. ನಗರಗಳ ಆವರಣಗಳಲ್ಲಿ ಕಂಬದಂತೆ ನಿಲ್ಲುವ ರಾಜತಾಳೆಯು ಕ್ಯೂಬಾ ಮೊದಲಾದ ಹೆಚ್ಚು ಮಳೆಯ ನಾಡಿನದು. ಕಾವಲಿನಲ್ಲಿ ಅದು ಕೊಳವೆಬಾವಿಯ ನೀರನ್ನು ನಂಬಿಯೇ ಬದುಕಬೇಕು. ತೆಂಗು ವೇದಾವತಿಯ ಬದಿಯಲ್ಲಿಯೂ ಕೆರೆಗಳ ಹಿಂದೆಯೂ ಸಲ್ಲುವ ಮರ. ಈ ಸೀಮೆಗೆ ನಿಜವಾಗಿ ನೆಲದ ಮಗನಾದ ತಾಳವು ಈಚಲು. ಆದರೆ ಅದೂ ಕಾವಲಿನ ಮಟ್ಟಸವಾದ ಬಯಲನ್ನು ಬಿಟ್ಟು ಹಳ್ಳದ ದಂಡೆಯನ್ನೂ ತಗ್ಗಿನ ತೇವವನ್ನೂ ಹುಡುಕಿ ನಿಲ್ಲುವುದು. ಅದರ ಗರಿಯಿಂದ ಚಾಪೆ, ಪೊರಕೆ, ಬುಟ್ಟಿಗಳಾಗುವುವು. ಮರದಿಂದ ಹೆಂಡವೂ ಇಳಿಯುವುದು.

ಹೆಂಡದ ದೆಸೆಯಿಂದ ಈಚಲಿಗೆ ಒಂದು ರಾಜಕೀಯ ಚರಿತ್ರೆಯೂ ಉಂಟಾಯಿತು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಕಾಂಗ್ರೆಸ್ಸಿನವರು ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಹೂಡಿದರು. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಅದರಲ್ಲಿ ಮುಂದಾಳಾಗಿ ಸೆರೆಮನೆಯನ್ನು ಕಂಡರು. ಹೆಂಡದ ಹುಟ್ಟುವಳಿಯು ಸರಕಾರದ ಬೊಕ್ಕಸಕ್ಕೆ ಸೇರುತ್ತಿದ್ದುದರಿಂದ ಮರವನ್ನು ಕಡಿಯುವುದು ಸರಕಾರವನ್ನೇ ಮುಟ್ಟಿದಂತಾಗುತ್ತಿತ್ತು. ಹೆಂಡವನ್ನು ಮುಟ್ಟದಿರುವುದು ಇದೇ ಸೀಮೆಯ ಮ್ಯಾಸಬೇಡರ ಹಳೆಯ ಕಟ್ಟಳೆಗಳಲ್ಲಿ ಒಂದು. ಹೀಗೆ ಒಂದೇ ಮರವು ಒಬ್ಬರಿಗೆ ಜೀವನೋಪಾಯ, ಒಬ್ಬರಿಗೆ ಕಂದಾಯ, ಮತ್ತೊಬ್ಬರಿಗೆ ನಿಷಿದ್ಧ. ಚೆಲುವಿಗಾಗಿ ನೆಡುವ ತಾಳಕ್ಕೆ ಇಂಥ ಸಂಬಂಧ ಯಾವುದೂ ಇರುವುದಿಲ್ಲ. ಅದನ್ನು ಯಾರೂ ಬೇಡುವುದಿಲ್ಲ, ಯಾರೂ ಕಡಿಯುವುದಿಲ್ಲ. ತೋಟಗಾರನು ನೀರು ಹಾಕಿದಷ್ಟು ದಿನ ಅದು ಇರುವುದು.

ಪ್ರೌಢಕಾವ್ಯವು ಬಯಲನ್ನು ಮರೆತರೂ ಕನ್ನಡ ಸಾಹಿತ್ಯವೆಲ್ಲವೂ ಮರೆತಿತೆನ್ನುವುದು ಸರಿಯಲ್ಲ. ತುರುಗೊಳ್ಳಿನಲ್ಲಿ ಮಡಿದವರ ವೀರಗಲ್ಲುಗಳು ಹುಲ್ಲುನೆಲದ ಶಾಸನಗಳೇ. ಕಾಡುಗೊಲ್ಲರ ಜುಂಜಪ್ಪ, ಮ್ಯಾಸಬೇಡರ ಗಾದ್ರಿಪಾಲನಾಯಕ ಇವರ ಕಥನಗಳಲ್ಲಿ ವೀರನೆಂದರೆ ದನವನ್ನು ಕಾಯ್ದವನು. ತಮಿಳು ತೊಲ್ಕಾಪ್ಪಿಯವು ಗೋಪಾಲರ ನೆಲಕ್ಕೆ ‘ಮುಲ್ಲೈ’ ಎಂಬ ಬೇರೆಯೇ ತಿಣೆಯನ್ನು ಕಲ್ಪಿಸಿ ಅದಕ್ಕೆ ತಕ್ಕ ಭಾವವನ್ನೂ ಹೂವನ್ನೂ ನಿಯಮಿಸಿತು. ನೆಲಕ್ಕೆ ತಕ್ಕ ಚೆಲುವೆಂಬ ಈ ವಿವೇಕವನ್ನು ಕನ್ನಡದಲ್ಲಿ ಲಕ್ಷಣಗ್ರಂಥಗಳಿಗಿಂತ ಹೆಚ್ಚಾಗಿ ಹಾಡುಗಬ್ಬಗಳೇ ಕಾಯ್ದುಕೊಂಡಿವೆ. ತರಗತಿಯಲ್ಲಿ ದೇಶವರ್ಣನೆಯನ್ನು ಬೋಧಿಸುವವರು ಎರಡನ್ನೂ ಎದುರುಬದುರಾಗಿ ಇರಿಸಿ ನೋಡುವುದು ಉಚಿತ.

2008ರ ತರುವಾಯದ ಕೆಲವು ವರ್ಷಗಳಲ್ಲಿ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ನೆಲವು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,000 ಎಕರೆಗೂ ಮೇಲ್ಪಟ್ಟು. 2017ರ ಮೇ ತಿಂಗಳಲ್ಲಿ ವರವು ಕಾವಲಿನ ವಿಮಾನ ಪರೀಕ್ಷಾ ಕ್ಷೇತ್ರವು ಉದ್ಘಾಟನೆಯಾಯಿತು. ಮೇವು ತಪ್ಪಿದವರ ತಕರಾರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ವರೆಗೆ ಹೋಗಿ 2014ರ ಆಗಸ್ಟಿನಲ್ಲಿ ತೀರ್ಪಾಯಿತು. ಕಂದುಬಣ್ಣದ ಹುಲ್ಲಿನ ವ್ಯಾಜ್ಯವನ್ನು ‘ಹಸಿರು’ ಎಂಬ ಹೆಸರಿನ ಪೀಠವು ಕೇಳಬೇಕಾದುದು ವಿಚಿತ್ರವೇ ಸರಿ. ನೆಲವನ್ನು ಕೊಟ್ಟುದು ಸರಿಯೋ ತಪ್ಪೋ ಎಂಬ ಚರ್ಚೆ ಹಾಗಿರಲಿ. ಕಟ್ಟಡವು ಆಕ್ರಮಿಸದೆ ಬಿಟ್ಟ ನೆಲದಲ್ಲಿ ಏನಿರಬೇಕೆಂಬುದು ಬೇರೆ ಪ್ರಶ್ನೆ, ಮತ್ತು ಅದಕ್ಕೆ ಉತ್ತರವು ಕಷ್ಟದ್ದಲ್ಲ. ಮನೆಗಳ ಬಳಿ, ಜನ ನಡೆಯುವ ದಾರಿಯಲ್ಲಿ ಬೇವು ಹೊಂಗೆಗಳಿರಲಿ. ಚಳ್ಳಕೆರೆಯ ಪೇಟೆಯ ಬೀದಿಗೆ ಅವು ಬೇಕೇ ಬೇಕು. ಹಳ್ಳದ ತಗ್ಗಿನಲ್ಲಿ ಈಚಲು ತಾನಾಗಿ ಎದ್ದರೆ ಅದನ್ನು ಕೀಳದಿರಲಿ. ಉಳಿದ ಬಯಲಿನಲ್ಲಿ ಗುಂಡಿ ತೋಡದೆ, ಜಾಲಿಯನ್ನು ಮಾತ್ರ ಬೇರುಸಹಿತ ಕಿತ್ತು, ಹುಲ್ಲು ಬೀಜ ಕಟ್ಟಿದ ಮೇಲೆ ಸುತ್ತಲ ಹಳ್ಳಿಗಳ ದನಕುರಿಗಳಿಗೆ ಸರದಿಯ ಪ್ರಕಾರ ಬಾಗಿಲನ್ನು ತೆರೆದುಬಿಟ್ಟರೆ ಸಾಕು.