ಆಟಗಾರನಿಗಿಲ್ಲದ ಮತ

2022ರ ಸೆಪ್ಟೆಂಬರ್ 2ರಂದು ದಿಲ್ಲಿಯಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಕಣದಲ್ಲಿ ಇಬ್ಬರೇ. ಒಬ್ಬರು ಭಾರತ ತಂಡದ ಮಾಜಿ ನಾಯಕ ಬೈಚುಂಗ್ ಭುಟಿಯಾ. ಇನ್ನೊಬ್ಬರು ಮಾಜಿ ಗೋಲ್‌ಕೀಪರ್, ಪಶ್ಚಿಮ ಬಂಗಾಳದ ಬಿಜೆಪಿ ಮುಖಂಡ ಕಲ್ಯಾಣ್ ಚೌಬೆ. ಮತ ಹಾಕಿದ್ದು 34 ರಾಜ್ಯ ಸಂಸ್ಥೆಗಳು. ಚೌಬೆಗೆ 33 ಮತ ಬಂದವು, ಭುಟಿಯಾಗೆ ಒಂದು. ಭುಟಿಯಾ ಹೆಸರನ್ನು ಸೂಚಿಸಿದ್ದು ಆಂಧ್ರ, ಅನುಮೋದಿಸಿದ್ದು ರಾಜಸ್ಥಾನ. ಬೆನ್ನಿಗೆ ನಿಂತವರೇ ಇಬ್ಬರಿದ್ದರೂ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಂದೇ ಮತ. ಹಿಂದಿನ ರಾತ್ರಿ ಕೇಂದ್ರ ಸಚಿವರೊಬ್ಬರು ಮತದಾರರು ತಂಗಿದ್ದ ಹೋಟೆಲಿಗೆ ಬಂದುಹೋದರು ಎಂದು ಭುಟಿಯಾ ಆಮೇಲೆ ಬಹಿರಂಗವಾಗಿಯೇ ಆರೋಪಿಸಿದರು.

ಬಳ್ಳಾರಿಯ ಓದುಗರಿಗೆ ಇದು ದೂರದೂರಿನ ಸುದ್ದಿಯಾಗಿ ಕಾಣಬಾರದು. ನಗರದಿಂದ ಹೊಸಪೇಟೆ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ತೋರಣಗಲ್ಲು. ಅಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಇದೆ. ಜೆಎಸ್‌ಡಬ್ಲ್ಯು 2013ರಲ್ಲಿ ಕಟ್ಟಿದ ಈ ಕ್ಲಬ್ಬು ಋತು ಆರಂಭಕ್ಕೆ ಮುನ್ನ ಇದೇ ಬಿಸಿಲಲ್ಲಿ ಬೆವರು ಹರಿಸಿದ್ದುಂಟು. ಸಿರುಗುಪ್ಪದ ಭತ್ತದ ಗದ್ದೆಗಳ ನಡುವಿನ ಶಾಲೆಯಲ್ಲೋ ಕುರುಗೋಡಿನ ಗುಡ್ಡದ ಬುಡದ ಬಯಲಿನಲ್ಲೋ ಚೆಂಡು ಒದೆಯುವ ಹುಡುಗ, ಹುಡುಗಿಯರಿಗೆ ದೇಶದ ದೊಡ್ಡ ಫುಟ್‌ಬಾಲ್ ಇಷ್ಟು ಹತ್ತಿರ ಬಂದು ನಿಂತದ್ದು ಈ ಕಾಲದಲ್ಲೇ. ಆದರೆ ಕಾಲಿನಲ್ಲಿ ಕಸುವಿದ್ದ ಮಾತ್ರಕ್ಕೆ ಆಟಗಾರ ಮೇಲಕ್ಕೆ ಹೋಗುವುದಿಲ್ಲ. ಕ್ಲಬ್ಬು ಅವನ ಹೆಸರನ್ನು ನೋಂದಾಯಿಸಬೇಕು. ಕ್ಲಬ್ಬನ್ನು ಜಿಲ್ಲಾ ಸಂಸ್ಥೆ, ರಾಜ್ಯ ಸಂಸ್ಥೆ ಮಾನ್ಯ ಮಾಡಬೇಕು. ರಾಜ್ಯ ಸಂಸ್ಥೆಯ ಮೇಲೆ ದಿಲ್ಲಿಯ ಫೆಡರೇಷನ್, ಅದರ ಮೇಲೆ ಏಷ್ಯಾ ಒಕ್ಕೂಟ, ಎಲ್ಲದರ ನೆತ್ತಿಯ ಮೇಲೆ ಜ್ಯೂರಿಕ್‌ನ ಫಿಫಾ. ಈ ಏಣಿಯ ಪ್ರತಿ ಮೆಟ್ಟಿಲಲ್ಲೂ ಸಹಿ ಹಾಕುವವರು ಇದ್ದಾರೆ, ಮತ ಹಾಕುವವರು ಇದ್ದಾರೆ. ಆಡುವವನಿಗೆ ಮಾತ್ರ ಮತವಿಲ್ಲ. ಫುಟ್‌ಬಾಲ್ ಆಡಳಿತದ ಭ್ರಷ್ಟಾಚಾರ ಬೇರುಬಿಟ್ಟಿರುವುದು ಇಲ್ಲೇ ಎಂದು ನಾನು ನಂಬಿದ್ದೇನೆ.

ಏಣಿಯ ತುದಿಯಿಂದಲೇ ನೋಡೋಣ. 2015ರ ಮೇ 27ರ ನಸುಕಿನಲ್ಲಿ ಜ್ಯೂರಿಕ್‌ನ ಬೌರ್ ಔ ಲಾಕ್ ಹೋಟೆಲಿಗೆ ಸ್ವಿಸ್ ಪೊಲೀಸರು ಹೋಗಿ, ಮಲಗಿದ್ದ ಫಿಫಾ ಪದಾಧಿಕಾರಿಗಳನ್ನು ಎಬ್ಬಿಸಿ ಬಂಧಿಸಿದರು. ಅಂದು ಸಿಕ್ಕಿಬಿದ್ದವರು ಏಳು ಮಂದಿ. ಅಮೆರಿಕದ ನ್ಯಾಯ ಇಲಾಖೆ ದೋಷಾರೋಪ ಹೊರಿಸಿದ್ದು 14 ಮಂದಿಯ ಮೇಲೆ. 24 ವರ್ಷಗಳಲ್ಲಿ 15 ಕೋಟಿ ಡಾಲರ್‌ಗೂ ಮಿಕ್ಕಿದ ಲಂಚ ಕೈಬದಲಾಗಿದೆ ಎಂಬುದು ಆರೋಪ. ತನಿಖೆಗೆ ದಾರಿ ತೆರೆದದ್ದು ಉತ್ತರ ಅಮೆರಿಕ ಒಕ್ಕೂಟದ ಪ್ರಧಾನ ಕಾರ್ಯದರ್ಶಿಯಾಗಿದ್ದ ಚಕ್ ಬ್ಲೇಜರ್. 1998 ಮತ್ತು 2010ರ ವಿಶ್ವಕಪ್‌ಗಳ ಆತಿಥ್ಯ ನಿರ್ಧಾರಕ್ಕೆ ಸಂಬಂಧಿಸಿ ಲಂಚಕ್ಕೆ ಒಪ್ಪಿದ್ದಾಗಿ ಆತ ನ್ಯಾಯಾಲಯದಲ್ಲೇ ಹೇಳಿಕೆ ಕೊಟ್ಟಿದ್ದ. 2018 ಮತ್ತು 2022ರ ವಿಶ್ವಕಪ್‌ಗಳನ್ನು ರಷ್ಯಾಕ್ಕೂ ಕತಾರ್‌ಗೂ ಕೊಟ್ಟ 2010ರ ಡಿಸೆಂಬರ್‌ನ ಮತದಾನದಲ್ಲಿ ಕಾರ್ಯಕಾರಿ ಸಮಿತಿಯ 24 ಸದಸ್ಯರ ಪೈಕಿ 22 ಮಂದಿ ಮಾತ್ರ ಇದ್ದರು. ಮತ ಮಾರಲು ಸಿದ್ಧರಿದ್ದಂತೆ ಪತ್ರಕರ್ತರ ರಹಸ್ಯ ಕಾರ್ಯಾಚರಣೆಯಲ್ಲಿ ಕಂಡುಬಂದ ಇಬ್ಬರು ಅಷ್ಟರಲ್ಲಿ ಅಮಾನತಾಗಿದ್ದರು.

ಹಣ ಹುಟ್ಟುತ್ತಿದ್ದ ಬಗೆ ಬಳ್ಳಾರಿಯವರಿಗೆ ಬೇಗ ಅರ್ಥವಾಗುತ್ತದೆ. ಟೂರ್ನಿಯೊಂದರ ಟಿವಿ ಮತ್ತು ಜಾಹೀರಾತು ಹಕ್ಕನ್ನು ಒಕ್ಕೂಟದ ಅಧಿಕಾರಿ ತನಗೆ ಬೇಕಾದ ಕಂಪನಿಗೆ ಅಗ್ಗಕ್ಕೆ ಬರೆದುಕೊಡುತ್ತಾನೆ. ಕಂಪನಿ ಅದನ್ನು ಭಾರಿ ಬೆಲೆಗೆ ಮಾರುತ್ತದೆ. ನಡುವಿನ ಲಾಭದಲ್ಲಿ ಒಂದು ಪಾಲು ಸಹಿ ಹಾಕಿದವನ ಖಾತೆಗೆ ಹಿಂತಿರುಗುತ್ತದೆ. ಹೀಗೆ ವ್ಯವಹರಿಸಿದ ಬ್ರೆಜಿಲ್‌ನ ಜೋಸೆ ಹವಿಲ್ಲಾ ಎಂಬ ಉದ್ಯಮಿ ತಪ್ಪೊಪ್ಪಿಕೊಂಡು 15 ಕೋಟಿ 10 ಲಕ್ಷ ಡಾಲರ್ ಬಿಟ್ಟುಕೊಡಲು ಒಪ್ಪಬೇಕಾಯಿತು. ನಮ್ಮ ಜಿಲ್ಲೆಯ ಕೆಂಪು ಮಣ್ಣಿಗೆ ಆದದ್ದೇನು? ಟನ್ನಿಗೆ 27 ರೂಪಾಯಿ ಮೀರದ ರಾಜಧನ ಕಟ್ಟಿ, ಅದೇ ಅದಿರನ್ನು ಸಾವಿರಾರು ರೂಪಾಯಿಗೆ ಹಡಗು ಹತ್ತಿಸಿದ ವರ್ಷಗಳನ್ನು ಈ ಊರು ಕಣ್ಣಾರೆ ಕಂಡಿದೆ. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಕೊಟ್ಟ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಗುಡ್ಡವೂ ಊರಿನದು, ಆಟವೂ ಊರಿನದು. ಎರಡನ್ನೂ ಕಾಯಬೇಕಾದವರ ಕೈಯಲ್ಲಿ ಪರವಾನಗಿ ಪುಸ್ತಕ ಇತ್ತು.

ಇನ್ನೊಂದು ಹೋಲಿಕೆ ಇದಕ್ಕಿಂತ ನೋವಿನದು. ವರದಿ ಬಂದ ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಏಟು ಬಿದ್ದದ್ದು ಸಾಲ ಮಾಡಿ ಲಾರಿ ಕೊಂಡಿದ್ದವನಿಗೆ, ಗಣಿಯ ದಿನಗೂಲಿಗೆ. ಭಾರತದ ಫುಟ್‌ಬಾಲ್‌ನಲ್ಲಿ 2022ರಲ್ಲಿ ಆದದ್ದೂ ಇದೇ.

ಪ್ರಫುಲ್ ಪಟೇಲ್ ಫೆಡರೇಷನ್ನಿನ ಅಧ್ಯಕ್ಷರಾಗಿ 12 ವರ್ಷ ಪೂರೈಸಿದ್ದರು. ಕ್ರೀಡಾ ಸಂಹಿತೆಯ ಪ್ರಕಾರ ಅದೇ ಕೊನೆ. 2020ರ ಡಿಸೆಂಬರ್‌ನಲ್ಲಿ ಅವಧಿ ಮುಗಿದರೂ, ಫೆಡರೇಷನ್ನಿನ ಸಂವಿಧಾನದ ಪ್ರಕರಣ ಕೋರ್ಟಿನಲ್ಲಿದೆ ಎಂಬ ಕಾರಣ ಮುಂದಿಟ್ಟು ಸಮಿತಿ ಕುರ್ಚಿ ಬಿಡಲಿಲ್ಲ. 2022ರ ಮೇ 18ರಂದು ಸುಪ್ರೀಂ ಕೋರ್ಟ್ ಆ ಸಮಿತಿಯನ್ನು ತೆಗೆದು, ನಿವೃತ್ತ ನ್ಯಾಯಮೂರ್ತಿ ಎ.ಆರ್. ದವೆ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಎಸ್.ವೈ. ಖುರೇಷಿ ಮತ್ತು ಮಾಜಿ ಗೋಲ್‌ಕೀಪರ್ ಭಾಸ್ಕರ್ ಗಂಗೂಲಿ ಅವರಿದ್ದ ಆಡಳಿತಗಾರರ ಸಮಿತಿಯ ಕೈಗೆ ಆಡಳಿತ ಕೊಟ್ಟಿತು. ಮುಂದಿನ ಚುನಾವಣೆಯಲ್ಲಿ 36 ಮಂದಿ ಹೆಸರಾಂತ ಮಾಜಿ ಆಟಗಾರರಿಗೂ ಮತದ ಹಕ್ಕು ಎಂದು ಆಗಸ್ಟ್ ಮೊದಲ ವಾರ ಆದೇಶವಾಯಿತು. ರಾಜ್ಯಗಳಷ್ಟೇ ಮತ ಆಟಗಾರರಿಗೂ! ಫಿಫಾ ಒಪ್ಪಲಿಲ್ಲ. ಆಗಸ್ಟ್ 15ರ ರಾತ್ರಿ, ಸ್ವಾತಂತ್ರ್ಯದ 75 ವರ್ಷ ತುಂಬಿದ ದಿನ, ಮೂರನೆಯವರ ಹಸ್ತಕ್ಷೇಪವಾಗಿದೆ ಎಂದು ಹೇಳಿ ಭಾರತವನ್ನು ಅಮಾನತು ಮಾಡಿತು. ಅದಕ್ಕೂ ಮೊದಲು ಫಿಫಾ ಅಮಾನತಿನ ಎಚ್ಚರಿಕೆಯ ಪತ್ರ ಬರೆಯುವಂತೆ ಮಾಡಿದ್ದರಲ್ಲಿ ಪಟೇಲರ ಕೈವಾಡವಿದೆ ಎಂದು ಆಡಳಿತಗಾರರ ಸಮಿತಿ ನ್ಯಾಯಾಂಗ ನಿಂದನೆಯ ಅರ್ಜಿಯನ್ನೇ ಹಾಕಿತ್ತು.

ಪೆಟ್ಟು ತಿಂದವರು ಯಾರು? ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯಾ ಕ್ಲಬ್ ಟೂರ್ನಿಗಾಗಿ ಆ ಹೊತ್ತಿಗೆ ತಾಷ್ಕೆಂಟ್ ತಲುಪಿಯಾಗಿತ್ತು. ಆಡಲು ಅನುಮತಿಯೇ ಸಿಗಲಿಲ್ಲ. ಬೂಟು ಕಟ್ಟದೆ ವಾಪಸು ಬಂದರು. ಯಾವ ಪದಾಧಿಕಾರಿಯ ಮನೆಯಲ್ಲೂ ಆ ದಿನ ಒಲೆ ಆರಿರಲಿಲ್ಲ. ಅಕ್ಟೋಬರ್‌ನಲ್ಲಿ ಭಾರತದಲ್ಲೇ ನಡೆಯಬೇಕಿದ್ದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಕೈತಪ್ಪುವ ಭಯ ಎಲ್ಲರನ್ನೂ ಹಿಡಿಯಿತು. ಕೋರ್ಟು ಆಗಸ್ಟ್ 22ರಂದು ಆಡಳಿತಗಾರರ ಸಮಿತಿಯನ್ನು ವಿಸರ್ಜಿಸಿ, ರಾಜ್ಯ ಸಂಸ್ಥೆಗಳಿಗಷ್ಟೇ ಮತ ಎಂದಿತು. ನಾಲ್ಕು ದಿನದಲ್ಲಿ ಅಮಾನತು ತೆರವಾಯಿತು. ಒಂದು ವಾರ ಕಳೆಯುವಷ್ಟರಲ್ಲಿ 33–1ರ ಚುನಾವಣೆ. ಭ್ರಷ್ಟಾಚಾರ ತೊಳೆದುಕೊಂಡಿದ್ದೇನೆ ಎಂದು ಜಗತ್ತಿಗೆ ಹೇಳಿಕೊಳ್ಳುತ್ತಿದ್ದ ಸಂಸ್ಥೆಯೇ ಭಾರತದ ಆಟಗಾರರ ಕೈಯಿಂದ ಮತಪತ್ರ ಕಿತ್ತುಕೊಂಡಿತು. ಇದನ್ನು ಅನ್ಯಾಯ ಎನ್ನದೆ ಬೇರೆ ಹೆಸರಿಂದ ಕರೆಯಲಾರೆ.

ಆ ಚುನಾವಣೆಯ ದಿನವೇ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ, ಶಾಂತಿನಗರ ಶಾಸಕ ಎನ್.ಎ. ಹ್ಯಾರಿಸ್ 29–5 ಮತಗಳಿಂದ ರಾಷ್ಟ್ರೀಯ ಉಪಾಧ್ಯಕ್ಷರಾದರು. ಅವರೊಬ್ಬರತ್ತ ಬೊಟ್ಟು ಮಾಡುವುದು ನನ್ನ ಉದ್ದೇಶವಲ್ಲ. ನಿಯಮ ಅದಕ್ಕೆ ಎಡೆಕೊಟ್ಟಿತ್ತು, ಇತರ ರಾಜ್ಯಗಳವರೂ ಹಾಗೆಯೇ ಬಂದರು. ರಾಜ್ಯ ಸಂಸ್ಥೆಯ ಆಟಗಾರರು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದದ್ದು ನಾವೆಲ್ಲ ಹೆಮ್ಮೆಪಡುವ ಸಂಗತಿ. ಪ್ರಶ್ನೆ ಬೇರೆ. ರಾಜ್ಯದ ಕುರ್ಚಿಯಲ್ಲಿ ಕುಳಿತು ಮತ ಹಾಕುವವನೇ ದಿಲ್ಲಿಯ ಕುರ್ಚಿಯಲ್ಲಿ ಕುಳಿತು ಅನುದಾನ ಹಂಚಿದರೆ ಲೆಕ್ಕ ಕೇಳುವವರು ಯಾರು? ಫಿಫಾದಲ್ಲಿ ನಡೆದದ್ದೂ ಇಷ್ಟೇ. ಅಲ್ಲಿ 211 ಸದಸ್ಯ ಸಂಸ್ಥೆಗಳು, ತಲಾ ಒಂದು ಮತ. 140 ಕೋಟಿ ಜನರ ಭಾರತಕ್ಕೂ ನಾಲ್ಕು ಸಾವಿರ ಚಿಲ್ಲರೆ ಜನರ ಮಾಂಟ್‌ಸೆರಾಟ್ ದ್ವೀಪಕ್ಕೂ ಒಂದೊಂದೇ. ಅಧ್ಯಕ್ಷ ಸ್ಥಾನದಲ್ಲಿರುವವರು ಅಭಿವೃದ್ಧಿ ನಿಧಿ ಹಂಚುತ್ತಾರೆ, ಪಡೆದವರು ಮತ ಕೊಡುತ್ತಾರೆ. ಸೆಪ್ ಬ್ಲಾಟರ್ 1998ರಿಂದ ಗೆಲ್ಲುತ್ತ ಬಂದದ್ದು ಈ ಬಲದಿಂದ. ಯುರೋಪ್ ಒಕ್ಕೂಟದ ಅಧ್ಯಕ್ಷರಾಗಿದ್ದ ಮಿಷೆಲ್ ಪ್ಲಾಟಿನಿಗೆ ಸಂದಾಯವಾದ 20 ಲಕ್ಷ ಸ್ವಿಸ್ ಫ್ರಾಂಕ್ ಪ್ರಕರಣದಲ್ಲಿ ಇಬ್ಬರನ್ನೂ ಫಿಫಾ ನಿಷೇಧಿಸಿತು. ಸ್ವಿಸ್ ನ್ಯಾಯಾಲಯ 2022ರಲ್ಲೂ 2025ರಲ್ಲೂ ಇಬ್ಬರನ್ನೂ ಖುಲಾಸೆ ಮಾಡಿತು. ವ್ಯಕ್ತಿಗಳು ಬದಲಾದರು, ಹಂಚಿ ಮತ ಪಡೆಯುವ ಪದ್ಧತಿ ಬದಲಾಗಲಿಲ್ಲ. 2034ರ ವಿಶ್ವಕಪ್ ಸೌದಿ ಅರೇಬಿಯಾಕ್ಕೆ ಹೋದದ್ದು ಎದುರಾಳಿಯೇ ಇಲ್ಲದೆ, 2024ರ ಡಿಸೆಂಬರ್ 11ರಂದು, ಚಪ್ಪಾಳೆಯ ಮೂಲಕ.

ದಿಲ್ಲಿಯಲ್ಲಿ ಮುಂದೇನಾಯಿತು ಎಂಬುದು ಬಳ್ಳಾರಿಗೆ ನೇರವಾಗಿ ತಟ್ಟಿತು. 2010ರಲ್ಲಿ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನೆಲ್ಲ 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ರಿಲಯನ್ಸ್ ಜೊತೆಗಿನ ಕೂಟಕ್ಕೆ ಒಪ್ಪಿಸಿತ್ತು. ಆ ಕರಾರು 2025ರ ಡಿಸೆಂಬರ್ 8ಕ್ಕೆ ಮುಗಿಯುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಹೊಸ ಕರಾರು ಸಿದ್ಧವಾಗಲಿಲ್ಲ. ಅದೇ ವರ್ಷದ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ತೂಗುಯ್ಯಾಲೆಗೆ ಬಿತ್ತು. ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ನಾಲ್ಕು ತಿಂಗಳ ಹಿಂದಷ್ಟೇ ಲೀಗ್ ಫೈನಲ್ ಆಡಿದ ತಂಡ ಅದು. ಅಕ್ಟೋಬರ್‌ನಲ್ಲಿ ಟೆಂಡರ್ ಕರೆದರೆ ಒಂದೇ ಒಂದು ಬಿಡ್ ಬರಲಿಲ್ಲ. ಮಗುವನ್ನು ಅಕಾಡೆಮಿಗೆ ಸೇರಿಸುವ ಯೋಚನೆಯಲ್ಲಿದ್ದ ಸಿರುಗುಪ್ಪದ ರೈತ ಕುಟುಂಬ ಆ ಸುದ್ದಿ ಓದಿ ಏನೆಂದುಕೊಂಡಿದ್ದೀತು? ಲಂಚದ ಲಕೋಟೆಯಷ್ಟೇ ಭ್ರಷ್ಟತೆಯಲ್ಲ. ಸಾವಿರಾರು ಜನರ ಅನ್ನ ತಮ್ಮ ಸಹಿಯ ಮೇಲೆ ನಿಂತಿದೆ ಎಂಬ ಎಚ್ಚರ ಇಲ್ಲದಿರುವುದೂ ಅದೇ ಸಾಲಿನದು.

ಒಂದು ಬಾಗಿಲು ಮಾತ್ರ ಅರ್ಧ ತೆರೆದಿದೆ. ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಸಿದ್ಧಪಡಿಸಿದ ಫೆಡರೇಷನ್ನಿನ ಸಂವಿಧಾನವನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 19ರಂದು ಕೆಲವು ತಿದ್ದುಪಡಿಗಳೊಂದಿಗೆ ಒಪ್ಪಿತು. 14 ಮಂದಿಯ ಕಾರ್ಯಕಾರಿ ಸಮಿತಿಯಲ್ಲಿ ಐವರು ಮಾಜಿ ಆಟಗಾರರು, ಅವರಲ್ಲಿ ಮಹಿಳೆಯರೂ ಇರಬೇಕು. ರಾಜ್ಯದಲ್ಲೊಂದು, ದಿಲ್ಲಿಯಲ್ಲೊಂದು ಕುರ್ಚಿ ಇಟ್ಟುಕೊಳ್ಳುವಂತಿಲ್ಲ. ಫೆಡರೇಷನ್ ಹೆಚ್ಚು ತಕರಾರು ತೆಗೆದದ್ದು ಈ ಕೊನೆಯ ನಿಯಮದ ಮೇಲೆಯೇ ಎಂಬುದನ್ನು ಗಮನಿಸಿ. ಈಗಿನ ಸಮಿತಿಯ ಅವಧಿ 2026ರ ಸೆಪ್ಟೆಂಬರ್‌ವರೆಗೆ.

ದಿಲ್ಲಿಯ ನಿಯಮ ತಾನಾಗಿ ಬಳ್ಳಾರಿಗೆ ಇಳಿದು ಬರುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಾಯಿತ ಪ್ರತಿ ಸಂಘವೂ ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ನಡೆಸಬೇಕು, ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಕ್ರಿಕೆಟ್ಟಿರಲಿ, ಕಬಡ್ಡಿಯಿರಲಿ, ಫುಟ್‌ಬಾಲ್ ಇರಲಿ, ನಿಮ್ಮ ಮಕ್ಕಳ ಹೆಸರಿನಲ್ಲಿ ನಡೆಯುವ ಸಂಸ್ಥೆಗೂ ಇದು ಅನ್ವಯಿಸುತ್ತದೆ. ಕುರುಗೋಡಿನ, ಸಿರುಗುಪ್ಪದ, ಬಳ್ಳಾರಿಯ ದೈಹಿಕ ಶಿಕ್ಷಕರೇ, ಪೋಷಕರೇ, ಹಳೆಯ ಆಟಗಾರರೇ, ಈ ವರ್ಷದ ಸಭೆಗೆ ಹೋಗಿ. ಲೆಕ್ಕ ತೋರಿಸಿ ಎನ್ನಿ. ಮತದಾರರ ಪಟ್ಟಿ ಕೈಗೆ ಬಂದಾಗ ಅದರಲ್ಲಿ ಆಡಿದವರು ಎಷ್ಟು ಮಂದಿ ಎಂದು ಎಣಿಸಿ, ಕಡಿಮೆಯಿದ್ದರೆ ನಿಮ್ಮ ಹೆಸರು ಸೇರಿಸಲು ಅಲ್ಲೇ ಅರ್ಜಿ ಕೊಡಿ.