ಆಟದ ಎಂಜಿನ್ನಿಗೆ ಭಾರವೇಕೆ?

ವಿದ್ಯುತ್ತಿನಿಂದ ಓಡುವ ಆಟದ ರೈಲನ್ನು ಮನೆಯಲ್ಲಿಟ್ಟುಕೊಂಡಿರುವ ವಾಚಕರಿಗೆ ಈ ಅನುಭವವು ಹೊಸದಾಗಿರಲಾರದು. ಎಂಜಿನ್ನು ಒಂಟಿಯಾಗಿ ಸೊಗಸಾಗಿ ಓಡುವುದು. ಆರು ಗಾಡಿಗಳನ್ನು ತಗುಲಿಸಿ ಸಣ್ಣದೊಂದು ಏರನ್ನು ಹತ್ತಿಸಹೊರಟೊಡನೆಯೇ ಚಕ್ರಗಳು ನಿಂತಲ್ಲಿಯೇ ಗಿರ್ರನೆ ತಿರುಗುವುವು, ರೈಲು ಕದಲದು. ಮೋಟಾರಿಗೆ ಬಲವಿಲ್ಲವೆಂದು ಬಗೆಯಬಾರದು. ಚಕ್ರವು ತಿರುಗುತ್ತಿರುವುದೇ ಅದರ ಬಲಕ್ಕೆ ಸಾಕ್ಷಿ. ಕೊರತೆಯಿರುವುದು ಕಂಬಿಯ ಮೇಲಣ ಹಿಡಿತದಲ್ಲಿ.

ಈ ಹಿಡಿತದ ವಿಷಯದಲ್ಲಿ ದೊಡ್ಡ ರೈಲಿನವರೂ ಒಮ್ಮೆ ಸಂಶಯಪಟ್ಟವರೇ. 1812ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಕಲ್ಲಿದ್ದಲ ರೈಲಿನಲ್ಲಿ, ಹಗುರವಾದ ಎಂಜಿನ್ನು ಜಾರೀತೆಂದು ಅದಕ್ಕೆ ಹಲ್ಲುಚಕ್ರವನ್ನೂ ಕಂಬಿಗೆ ಹಲ್ಲುಗಳನ್ನೂ ಇಟ್ಟಿದ್ದರು. ಅದೇ ಕಾಲದಲ್ಲಿ ವೈಲಮ್ ಗಣಿಯ ವಿಲಿಯಂ ಹೆಡ್ಲಿ ಎಂಬಾತನು, ಆಳುಗಳು ಕೈಯಿಂದ ತಿರುಗಿಸುವ ಬಂಡಿಯೊಂದರ ಮೇಲೆ ಭಾರವನ್ನು ಹೇರಿ, ನುಣುಪಾದ ಚಕ್ರವೂ ತಕ್ಕಷ್ಟು ಭಾರವಿದ್ದರೆ ಜಾರದೆಂದು ತೋರಿಸಿದನು.

ಆಟದ ಎಂಜಿನ್ನಿಗೂ ನ್ಯಾಯವು ಇದೇ. ಅದರ ಎಳೆತವು, ಓಡಿಸುವ ಚಕ್ರಗಳ ಮೇಲೆ ಬಿದ್ದ ಭಾರದ ಸುಮಾರು ನಾಲ್ಕರಲ್ಲಿ ಅಥವಾ ಐದರಲ್ಲಿ ಒಂದು ಪಾಲು. ಸ್ವಲ್ಪ ಜಾಗದಲ್ಲಿ ಹೆಚ್ಚು ತೂಗುವುದರಿಂದ ಸೀಸವೇ ಇದಕ್ಕೆ ತಕ್ಕದ್ದು. ಬಾಯ್ಲರಿನ ಟೊಳ್ಳಿನಲ್ಲಿ ಅದನ್ನು ಇರಿಸಿ, ಎಂಜಿನ್ನನ್ನು ಪೆನ್ಸಿಲೊಂದರ ಮೇಲೆ ಅಡ್ಡಲಾಗಿ ತೂಗಿನೋಡಬೇಕು. ತೂಕವು ಓಡಿಸುವ ಚಕ್ರಗಳ ನಡುವೆ ಸಮನಾಗಿ ನಿಂತರೆ ಸರಿ. ಮುಂದೆ ಭಾರವಾದರೆ ಹಿಂದಿನ ಚಕ್ರವು ವೃಥಾ ತಿರುಗುವುದು.

ನಾವಾದರೋ ಮೊದಲ ಸಲ ಉತ್ಸಾಹದಿಂದ ಹಿಡಿದಷ್ಟು ಸೀಸವನ್ನೂ ತುಂಬಿಬಿಟ್ಟೆವು. ಆರು ಗಾಡಿಗಳೂ ಏರನ್ನು ಹತ್ತಿದುವು. ಮಕ್ಕಳು ಚಪ್ಪಾಳೆ ತಟ್ಟಿದರು. ಮರುದಿನ ಗಾಡಿಯೊಂದು ಹಳಿ ತಪ್ಪಿ ಸಿಕ್ಕಿಕೊಂಡಾಗ ಚಕ್ರಗಳು ಜಾರಲಿಲ್ಲ. ಮೋಟಾರೇ ನಿಂತು, ಕಾದು, ಅದರ ಸುರುಳಿಯು ಸುಟ್ಟು ಮನೆಯೆಲ್ಲ ವಾಸನೆಯಾಯಿತು. ಆ ಜಾರುವಿಕೆಯೇ ಮೋಟಾರಿನ ಕಾವಲೆಂಬುದು ಆಗ ತಿಳಿಯಿತು! ಈಗ ಭಾರವಿಟ್ಟ ಮೇಲೆ ಎಂಜಿನ್ನನ್ನು ಬೆರಳಿನಿಂದ ಕ್ಷಣಕಾಲ ತಡೆದು ನೋಡುತ್ತೇವೆ. ಚಕ್ರಗಳು ತಿರುಗುತ್ತಲೇ ಇರಬೇಕು. ನಿಂತರೆ, ಒಡನೆಯೇ ಕೈಬಿಟ್ಟು ಸೀಸವನ್ನು ಕಡಮೆಮಾಡುತ್ತೇವೆ.

ಸೀಸವು ವಿಷ. ಈ ಕೆಲಸವನ್ನು ಹಿರಿಯರೇ ಮಾಡಿ, ಕೈಯನ್ನು ಸೋಪಿನಿಂದ ತೊಳೆಯತಕ್ಕದ್ದು. ಸೀಸದ ಸಣ್ಣ ಗುಂಡುಗಳನ್ನು ಮರಗೆಲಸದ ಬಿಳಿಯ ಅಂಟಿನಿಂದ ಕೂರಿಸಬಾರದು. ವರ್ಷಗಳು ಕಳೆದಂತೆ ಅವು ಉಬ್ಬಿ ಎಂಜಿನ್ನಿನ ಮೈಯನ್ನೇ ಸೀಳುವುದುಂಟು. ಎಪಾಕ್ಸಿ ಅಂಟು ಲೇಸು.

ನಮ್ಮ ಎಂಜಿನ್ನು ಹೊಸ ಮೋಟಾರಿನೊಡನೆ ಈಗ ಐದು ಗಾಡಿಗಳನ್ನೆಳೆಯುತ್ತದೆ. ಆರನೆಯದು ನಿಲ್ದಾಣದಲ್ಲಿಯೇ ನಿಂತಿರುತ್ತದೆ. ಅದು ಉಗ್ರಾಣವೆಂದು ಮಕ್ಕಳು ಒಪ್ಪಿಕೊಂಡಿದ್ದಾರೆ.